ಮೂರು ಗಂಟೆ ಕಿವಿಯಲ್ಲೇ ಉಳಿಯುವ ಇಯರ್‌ಪ್ಲಗ್

ಪ್ರಶ್ನೆ: ನನಗೆ 31 ವರ್ಷ. ಹಾಸನದ ಕಡೆಯ ಒಂದು ರಸಮಂಜರಿ ತಂಡದಲ್ಲಿ ಎಂಟು ವರ್ಷದಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ವಾರಕ್ಕೆ ಮೂರ್ನಾಲ್ಕು ಕಾರ್ಯಕ್ರಮ ಇರುತ್ತದೆ. ನನ್ನ ಎಡಕ್ಕೆ ಡ್ರಮ್ಸ್, ಬೆನ್ನ ಹಿಂದೆ ಸ್ಪೀಕರ್. ಕಾರ್ಯಕ್ರಮ ಮುಗಿದ ರಾತ್ರಿ ಎರಡೂ ಕಿವಿ ಗುಂಯ್ ಅನ್ನುತ್ತವೆ. ಮೊದಲೆಲ್ಲ ಬೆಳಗಾಗುವ ಹೊತ್ತಿಗೆ ಸರಿಹೋಗುತ್ತಿತ್ತು. ಈ ಸಲ ಎಡಗಿವಿಯದು ಎರಡು ದಿನ ಹೋಗಲಿಲ್ಲ. ಮೆಡಿಕಲ್ ಶಾಪಿನಿಂದ ಫೋಮ್ ಇಯರ್‌ಪ್ಲಗ್ ತಂದು ಹಾಕಿಕೊಂಡೆ. ಕಂಬಳಿ ಹೊದ್ದು ಕೇಳಿದ ಹಾಗಾಯ್ತು, ಗಾಯಕರ ಶ್ರುತಿಯೇ ಸಿಗಲಿಲ್ಲ. ತೆಗೆದಿಟ್ಟೆ. ಈಗ ಹತ್ತಿ ಇಟ್ಟುಕೊಳ್ಳುತ್ತೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಇಪ್ಪತ್ತು ರೂಪಾಯಿಯಿಂದ ಇಪ್ಪತ್ತು ಸಾವಿರದವರೆಗೆ ಇವೆ. ಜಾಸ್ತಿ ಡೆಸಿಬೆಲ್ ತಡೆಯುವುದನ್ನೇ ತಗೊಳ್ಳಬೇಕಾ? ನಾಲ್ಕು ವರ್ಷದ ಮಗಳೂ ಕೆಲವೊಮ್ಮೆ ಜೊತೆಗೆ ಬರುತ್ತಾಳೆ. ಅವಳಿಗೇನು ಮಾಡಲಿ?

ಉತ್ತರ: ಇಯರ್‌ಪ್ಲಗ್ ಮಾತಿಗೆ ಮುಂಚೆ ನಿಮ್ಮ ಎಡಗಿವಿಯ ಮಾತು. ಡ್ರಮ್ಸ್ ಆ ಕಡೆಗೇ ಇರುವುದರಿಂದ ಕಾರಣ ಏನಿರಬಹುದು ಅಂತ ಊಹಿಸಬಹುದು. ಆದರೆ ಊಹೆಯಲ್ಲೇ ಬಿಡಬೇಡಿ. ಗುಂಯ್ ಅನ್ನುವುದು ಒಂದೇ ಕಿವಿಯಲ್ಲಿ ಉಳಿದುಕೊಂಡರೆ ಇಎನ್‌ಟಿ ಡಾಕ್ಟರು ಒಮ್ಮೆ ನೋಡಲೇಬೇಕು, ಯಾಕೆಂದರೆ ಅದಕ್ಕೆ ಸದ್ದಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇರುತ್ತವೆ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಯಾವತ್ತಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ, ತಡವೆಂದರೆ ಮರುದಿನ, ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. "ಗುಗ್ಗೆ ಕಟ್ಟಿರಬೇಕು" ಅಂದುಕೊಂಡು ಕೊಬ್ಬರಿ ಎಣ್ಣೆ ಬಿಟ್ಟು ಒಂದು ತಿಂಗಳು ಕಾದು ಬಂದವರನ್ನು ನೋಡಿದ್ದೇನೆ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವುದಕ್ಕೆ ಬಹಳ ಕಡಿಮೆ ಉಳಿದಿರುತ್ತದೆ. ನನಗೆ ತುಂಬಾ ಬೇಜಾರಾಗುವ ಸಂಗತಿ ಅದು.

ಈಗ ನಿಮ್ಮ ಪ್ರಶ್ನೆ. ಜಾಸ್ತಿ ಡೆಸಿಬೆಲ್ ತಡೆಯುವುದು ನಿಮಗೆ ಬೇಡ. ಕಡಿಮೆ ತಡೆದರೂ ಪರವಾಗಿಲ್ಲ, ಗಣಪತಿ ಸ್ತುತಿಯಿಂದ ಕೊನೆಯ ಹಾಡಿನವರೆಗೆ ಒಮ್ಮೆಯೂ ತೆಗೆಯಬೇಕು ಅನ್ನಿಸದ ಪ್ಲಗ್ ನಿಮಗೆ ಬೇಕು. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಗಳಿಗೆ ಹೇಳಿರುವ ಮಿತಿ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಡ್ರಮ್ಸ್‌ಗೂ ಸ್ಪೀಕರಿಗೂ ನಡುವೆ ನಿಂತವರಿಗೆ 100 ತಲುಪುವುದು ಕಷ್ಟವೇನಲ್ಲ. ಹಾಗಾದರೆ ನಿಮ್ಮ ಕಿವಿಯ ದಿನದ ಪಾಲು ಮೂರು ಹಾಡು ಮುಗಿಯುವಷ್ಟರಲ್ಲಿ ಮುಗಿದಿರುತ್ತದೆ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಇನ್ನೂ ಎರಡೂ ಮುಕ್ಕಾಲು ಗಂಟೆ ಬಾಕಿ ಇರುತ್ತದೆ.

15 ಡೆಸಿಬೆಲ್ ತಗ್ಗಿಸುವ ಪ್ಲಗ್ ಹಾಕಿದಿರಿ ಅಂದುಕೊಳ್ಳಿ. ಒಳಗೆ ಹೋಗುವುದು 85. ಮೂರು ಗಂಟೆ ನುಡಿಸಿದರೂ ದಿನದ ಪಾಲಿನಲ್ಲಿ ಅರ್ಧವೂ ಖರ್ಚಾಗುವುದಿಲ್ಲ. ಅದರ ಬದಲು 30 ಡೆಸಿಬೆಲ್ ತಡೆಯುವ ಫೋಮ್ ಹಾಕಿದಿರಿ. ಗಾಯಕಿ ಏನು ಹೇಳಿದರು ಅಂತ ಕೇಳಿಸಲಿಲ್ಲ, ತೆಗೆದಿರಿ. ಹೊಸ ಹಾಡಿನ ಶ್ರುತಿ ಸಿಗಲಿಲ್ಲ, ಮತ್ತೆ ತೆಗೆದಿರಿ. ಎಲ್ಲಾ ಸೇರಿ ಅರ್ಧ ಗಂಟೆ ಕಿವಿ ಬರಿದಾಗಿತ್ತು ಅಂತಿಟ್ಟುಕೊಳ್ಳಿ. ಆ ಅರ್ಧ ಗಂಟೆಯೊಂದರಲ್ಲೇ ದಿನದ ಪಾಲಿನ ಎರಡರಷ್ಟು ಸದ್ದು ಒಳಗೆ ಹೋಯಿತು. ಉಳಿದ ಎರಡೂವರೆ ಗಂಟೆ ಎಷ್ಟು ಚೆನ್ನಾಗಿ ಮುಚ್ಚಿದ್ದರೂ ಅದು ವಾಪಸ್ ಬರುವುದಿಲ್ಲ. ಅರ್ಧ ಹೊತ್ತು ಹಾಕಿ ಅರ್ಧ ಹೊತ್ತು ತೆಗೆದರೆ, ಪ್ಲಗ್ 30ರದ್ದಾಗಿರಲಿ 40ರದ್ದಾಗಿರಲಿ, ಒಟ್ಟಿನಲ್ಲಿ ಸಿಗುವ ಲಾಭ 3 ಡೆಸಿಬೆಲ್ ಅಷ್ಟೇ. ನನ್ನ ಹತ್ತಿರ ಬರುವ ಕಲಾವಿದರಿಗೆಲ್ಲ ಕಾಗದದ ಮೇಲೆ ಈ ಲೆಕ್ಕ ಬರೆದುಕೊಡುತ್ತೇನೆ. ಬಹಳ ಜನ ಅದನ್ನು ಎರಡು ಸಲ ಓದುತ್ತಾರೆ.

ಫೋಮ್ ಹಾಕಿದಾಗ ಕಂಬಳಿ ಹೊದ್ದ ಹಾಗಾಯ್ತು ಅಂದಿರಲ್ಲ, ಅದು ನಿಮ್ಮ ಭ್ರಮೆ ಅಲ್ಲ. ಒಂದು ಸಣ್ಣ ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿ ನೋಡಿ. ಬಾಟಲಿಗೆ ತನ್ನದೇ ಒಂದು ಸ್ವರ ಇರುತ್ತದೆ. ಕಿವಿಯ ತೂತೂ ಹಾಗೆಯೇ. ಸುಮಾರು 25 ಮಿಲಿಮೀಟರ್ ಉದ್ದದ ಕೊಳವೆ, ಒಳತುದಿಯನ್ನು ಕಿವಿತಮಟೆ ಮುಚ್ಚಿದೆ. ಈ ಕೊಳವೆ 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಎತ್ತಿ ಕೊಡುತ್ತದೆ. ಮಾತಿನ ಸ್ಪಷ್ಟತೆ, ಗಾಯಕರ ದನಿಯ ಹೊಳಪು ಎಲ್ಲ ಇರುವುದು ಅಲ್ಲೇ. ಫೋಮ್ ತುರುಕಿದ ತಕ್ಷಣ ಕೊಳವೆ ತುಂಬಿಹೋಯಿತು, ಆ ಸಹಾಯ ನಿಂತಿತು. ಇದರ ಮೇಲೆ ಫೋಮ್ ಕೂಡ ಬೇಸಿಗಿಂತ ಟ್ರೆಬಲ್ ಅನ್ನೇ ಜಾಸ್ತಿ ನುಂಗುತ್ತದೆ. ಹೀಗಾಗಿ ಬೇಸ್ ಗಿಟಾರಿನ ಗುಮ್ ಗುಮ್ ಉಳಿದು, ಶ್ರುತಿ ಹಿಡಿಯುವುದಕ್ಕೆ ಬೇಕಾದ ಭಾಗ ಮಾಯವಾಗುತ್ತದೆ.

ಜೋರು ಸದ್ದಿಗೆ ಕಿವಿ ಮೊದಲು ಹಾಳಾಗುವುದೂ ಅಲ್ಲೇ, ಹೆಚ್ಚಾಗಿ 4000 ಹರ್ಟ್ಸ್ ಸುತ್ತಮುತ್ತ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗ ಇದೆ. ಅದರೊಳಗೆ ಒಂದು ಕಿವಿಗೆ ಸುಮಾರು 15 ಸಾವಿರ ಕೂದಲು ಕೋಶಗಳು ಇರುತ್ತವೆ. ಸದ್ದಿನ ಅಲೆಗೆ ಬಾಗಿ, ಎದ್ದು, ಮಿದುಳಿಗೆ ಸುದ್ದಿ ಕಳಿಸುವುದು ಅವೇ. ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ, ಸತ್ತವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾರ್ಯಕ್ರಮದ ರಾತ್ರಿ ಗುಂಯ್ ಅಂದು ಬೆಳಿಗ್ಗೆ ಸರಿಹೋಯ್ತು ಅಂದರೆ ಕೋಶಗಳು ಆಯಾಸದಿಂದ ಎದ್ದು ನಿಂತವು ಅಂತ. ಆದರೆ ಎಲ್ಲವೂ ಮೊದಲಿನಂತಾಯಿತು ಅಂತ ಖಾತ್ರಿ ಇಲ್ಲ. 2009ರಲ್ಲಿ ಬಾಸ್ಟನ್‌ನ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಕೇಳುವ ಶಕ್ತಿ ಪೂರ್ತಿ ವಾಪಸ್ ಬಂದ ಮೇಲೂ ಕೋಶಕ್ಕೂ ನರಕ್ಕೂ ನಡುವಿನ ಎಷ್ಟೋ ಕೊಂಡಿಗಳು ಕಳಚಿಹೋಗಿದ್ದವು. ಈ ಸಲ ನಿಮಗೆ ಎರಡು ದಿನ ಹಿಡಿದಿದ್ದನ್ನು ನಾನು ಗಂಭೀರವಾಗಿ ತಗೊಳ್ಳುವುದು ಅದಕ್ಕೇ.

ಹಾಗಾದರೆ ಬೇಕಾದ್ದು ಏನು? ಎಲ್ಲ ಸ್ವರವನ್ನೂ ಸರಿಸಮವಾಗಿ ತಗ್ಗಿಸುವ ಪ್ಲಗ್. ಮಿಕ್ಸರ್‌ನಲ್ಲಿ ಈಕ್ವಲೈಜರ್ ಮುಟ್ಟದೆ ಮಾಸ್ಟರ್ ಒಂದನ್ನೇ ಕೆಳಗೆ ಎಳೆದ ಹಾಗೆ. ಅಮೆರಿಕದ ಮೀಡ್ ಕಿಲಿಯನ್ ಕಟ್ಟಿದ ಎಟಿಮೋಟಿಕ್ ರಿಸರ್ಚ್ ಕಂಪನಿ 1988ರಲ್ಲಿ ಇಆರ್-15 ಅನ್ನುವ ಪ್ಲಗ್ ತಂದಿತು. ಅದರೊಳಗೆ ಒಂದು ಪುಟ್ಟ ತೆಳು ಪೊರೆ ಇದೆ, ಅದರ ಮುಂದೆ ಒಂದು ಸಣ್ಣ ತೂತು. ಪೊರೆ ಸ್ಪ್ರಿಂಗಿನಂತೆ ಆಡುತ್ತದೆ, ತೂತಿನ ಗಾಳಿ ಅದಕ್ಕೆ ಕಟ್ಟಿದ ತೂಕದಂತೆ. ಎರಡೂ ಸೇರಿ, ಕಿವಿಯ ಕೊಳವೆ ಮೊದಲು ಎತ್ತಿಕೊಡುತ್ತಿದ್ದ ಸ್ವರಗಳನ್ನೇ ಮತ್ತೆ ಎತ್ತಿಕೊಡುತ್ತವೆ. ಕಿವಿ ಮುಚ್ಚಿದ್ದರಿಂದ ಕಳೆದದ್ದನ್ನು ಪ್ಲಗ್ ತಾನೇ ತುಂಬುತ್ತದೆ. ಹಾಡು ಹಾಡಿನ ಹಾಗೆಯೇ ಕೇಳುತ್ತದೆ, ನೀವು ವೇದಿಕೆಯಿಂದ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತ ಹಾಗೆ. ಮೊದಲ ಸಲ ಹಾಕಿಕೊಂಡ ಸಂಗೀತಗಾರರ ಮುಖ ನೋಡುವುದು ನನ್ನ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಗಳಿಗೆ.

ಅಂಗಡಿಯಲ್ಲಿ ಸಿಗುವುದನ್ನೆಲ್ಲ ಮೂರು ಗುಂಪು ಮಾಡಬಹುದು. ಒಂದು, ಫೋಮ್. ಎರಡು, ಸಿಲಿಕೋನಿನ ಸಿದ್ಧ ಪ್ಲಗ್, ಒಳಗೆ ಫಿಲ್ಟರ್ ಇರುವಂಥದ್ದು. ಇದರಲ್ಲಿ ಕೆಲವು ಒಂದರ ಮೇಲೊಂದು ಮೂರು ಪುಟ್ಟ ಕೊಡೆ ಬಿಚ್ಚಿದ ಹಾಗೆ ಕಾಣುತ್ತವೆ. ಮೂರು, ನಿಮ್ಮ ಕಿವಿಯ ಅಚ್ಚು ತೆಗೆದು ನಿಮಗೆಂದೇ ಮಾಡುವ ಪ್ಲಗ್. ಅದರಲ್ಲಿ 9, 15, 25 ಡೆಸಿಬೆಲ್ ಫಿಲ್ಟರ್‌ಗಳನ್ನು ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಫೋಮ್ ಕೆಟ್ಟದ್ದು ಅಂತ ಮಾತ್ರ ತಿಳಿಯಬೇಡಿ. ಸ್ಪೀಕರ್ ಸಾಲಿನ ಪಕ್ಕ ನಿಂತು ಕೇಬಲ್ ಕಾಯುವ ಹುಡುಗನಿಗೆ, ಜನರೇಟರ್ ನೋಡಿಕೊಳ್ಳುವವರಿಗೆ, ಮೆರವಣಿಗೆಯಲ್ಲಿ ಡಿಜೆ ಗಾಡಿಯ ಜೊತೆ ನಡೆಯುವ ಸ್ವಯಂಸೇವಕರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹತ್ತಿಪ್ಪತ್ತು ರೂಪಾಯಿಗೆ ಒಂದು ಜೊತೆ. ಅವರು ಶ್ರುತಿ ಹಿಡಿಯಬೇಕಾಗಿಲ್ಲ. ನಿಮ್ಮ ತಂಡದ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಇಟ್ಟಿರಿ, ಆ ಹುಡುಗರಿಗೆ ಕೊಡಿ. ಅವರ ಕಿವಿಯ ಬಗ್ಗೆ ಯಾರೂ ಪ್ರಶ್ನೆ ಬರೆದು ಕಳಿಸುವುದಿಲ್ಲ.

ಆದರೆ ಫೋಮ್ ಹಾಕುವ ರೀತಿ ಬಹಳ ಜನರಿಗೆ ಗೊತ್ತಿಲ್ಲ. ಒಮ್ಮೆ ತಮಟೆ ಬಾರಿಸುವ ಯುವಕನೊಬ್ಬ ಬಂದಿದ್ದ. "ಸಾರ್, ಇದು ಏನೂ ತಡೆಯಲ್ಲ" ಅಂದ. ಹಾಕಿ ತೋರಿಸು ಅಂದೆ. ಬಾಟಲಿಗೆ ಬೆಣೆ ಇಟ್ಟ ಹಾಗೆ ಕಿವಿಯ ಬಾಯಲ್ಲಿ ಇಟ್ಟು ಬೆರಳಿನಿಂದ ಒತ್ತಿದ. ಮುಕ್ಕಾಲು ಭಾಗ ಆಚೆಗೇ ಇತ್ತು. ಫೋಮನ್ನು ಮೊದಲು ಹೊಸೆಯಬೇಕು, ದೀಪಕ್ಕೆ ಬತ್ತಿ ಹೊಸೆದ ಹಾಗೆ. ನೆರಿಗೆ ಬೀಳದೆ ಪೂರ್ತಿ ತೆಳ್ಳಗಾಗಬೇಕು. ಆಮೇಲೆ ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಡೊಂಕಾದ ಕೊಳವೆ ನೆಟ್ಟಗಾಗುತ್ತದೆ. ಬಲಗೈಯಿಂದ ತಕ್ಷಣ ಒಳಗೆ ಸೇರಿಸಿ, ಬೆರಳು ಒತ್ತಿ ಹಿಡಿದು ನಿಧಾನವಾಗಿ ಮೂವತ್ತರವರೆಗೆ ಎಣಿಸಬೇಕು. ಫೋಮ್ ಒಳಗೆ ಅರಳುವುದಕ್ಕೆ ಅಷ್ಟು ಹೊತ್ತು ಬೇಕು. ಎದುರಿಗೆ ನಿಂತವರಿಗೆ ಪ್ಲಗ್ ಕಾಣಬಾರದು. ಆ ಯುವಕನಿಗೆ ಇಷ್ಟು ಮಾಡಿಸಿ ಫ್ಯಾನ್ ಹಾಕಿದೆ. ತಲೆ ಎತ್ತಿ ಫ್ಯಾನ್ ತಿರುಗುತ್ತಾ ಇದೆಯಾ ಅಂತ ನೋಡಿದ.

ಸರಿಯಾಗಿ ಕೂತಿದೆಯಾ ಅಂತ ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಸದ್ದು ಇರುವ ಕಡೆ ಪ್ಲಗ್ ಹಾಕಿಕೊಂಡು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ, ತೆಗೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಫೋಮ್ ಸರಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಫಿಲ್ಟರ್ ಇರುವ ಪ್ಲಗ್‌ಗೆ ಇದು ಅಷ್ಟು ಹೊಂದುವುದಿಲ್ಲ. ಅದಕ್ಕೆ ನೀವೇ "ಮ್‌ಮ್‌ಮ್" ಅಂತ ಗುನುಗಿ ನೋಡಿ. ಎರಡೂ ಕಡೆ ಸಮವಾಗಿ ತಲೆಯೊಳಗೆ ಗುಂಯ್‌ಗುಟ್ಟಿದರೆ ಎರಡೂ ಮುಚ್ಚಿವೆ. ಒಂದೇ ಕಡೆ ಗುಂಯ್‌ಗುಟ್ಟಿದರೆ ಇನ್ನೊಂದರಲ್ಲಿ ಸಂದು ಉಳಿದಿದೆ. ಬಲಗಿವಿ, ಎಡಗಿವಿಯ ಅಳತೆ ಎಷ್ಟೋ ಜನಕ್ಕೆ ಬೇರೆ ಬೇರೆ ಇರುತ್ತದೆ, ಹಾಗಾಗಿ ಎರಡು ಮೂರು ಸೈಜ್ ಜೊತೆಗೆ ಬರುವ ಪ್ಯಾಕ್ ತಗೊಳ್ಳಿ.

ಹತ್ತಿಯನ್ನು ಇವತ್ತೇ ಬಿಟ್ಟುಬಿಡಿ. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ. ಹತ್ತಿ ತುಂಬ ಸಂದುಗಳೇ. ಏನೋ ಹಾಕಿಕೊಂಡಿದ್ದೇನೆ ಅನ್ನುವ ಧೈರ್ಯ ಬರುತ್ತದೆ, ಆ ಧೈರ್ಯದಲ್ಲಿ ಇನ್ನೂ ಒಂದು ಗಂಟೆ ಜಾಸ್ತಿ ನಿಲ್ಲುತ್ತೀರಿ.

ನಿಮಗೆ ನನ್ನ ಸಲಹೆ ಇದು. ಈಗ ಎರಡನೇ ಗುಂಪಿನಿಂದ ಶುರು ಮಾಡಿ, 15ರಿಂದ 20 ಡೆಸಿಬೆಲ್ ತಗ್ಗಿಸುವ ಸಿದ್ಧ ಪ್ಲಗ್. ಎಟಿಮೋಟಿಕ್‌ನ ಇಆರ್-20 ಸಾಲಿನದು, ಆಲ್ಪೈನ್‌ನ ಮ್ಯೂಸಿಕ್‌ಸೇಫ್, ಲೂಪ್‌ನ ಎಕ್ಸ್‌ಪೀರಿಯನ್ಸ್ ಇವೆಲ್ಲ ಈ ಗುಂಪಿನವು. ಲೂಪ್‌ನಲ್ಲೇ ಕ್ವೈಟ್ ಅಂತ ಇನ್ನೊಂದು ಬರುತ್ತದೆ, ಅದು ನಿದ್ದೆಗೆ, ಓದುವುದಕ್ಕೆ. ಸ್ಟೇಜಿಗೆ ಅದನ್ನು ತಗೊಳ್ಳಬೇಡಿ. ಈಜುವಾಗ ನೀರು ಹೋಗದಂತೆ ಹಾಕುವ ಮೇಣದಂಥ ಪ್ಲಗ್ ಕೂಡ ಬೇಡ.

ಒಂದು ಸೀಸನ್ ಬಳಸಿ ನೋಡಿ. ನೋವಾಗದಿದ್ದರೆ, ಜಾರದಿದ್ದರೆ, ಅದೇ ಸಾಕು. ಸುಮ್ನೆ ದುಬಾರಿಯದಕ್ಕೆ ಹೋಗಬೇಕಾಗಿಲ್ಲ. ಮೂರು ಗಂಟೆಯಲ್ಲಿ ಕಿವಿ ನೋಯುತ್ತದೆ, ಬೆವರಿಗೆ ಜಾರುತ್ತದೆ ಅನ್ನಿಸಿದರೆ ಆಗ ಅಚ್ಚಿನ ಪ್ಲಗ್ ಮಾಡಿಸಿ. ಖರ್ಚು ಜಾಸ್ತಿ, ಆದರೆ ಚೆನ್ನಾಗಿ ನೋಡಿಕೊಂಡರೆ ಕೆಲವು ವರ್ಷ ಬರುತ್ತದೆ. ಇದರಲ್ಲೇ ನಿಮ್ಮ ಬದುಕು ನಡೆಯುತ್ತಿದೆ ಅಂದಮೇಲೆ ಅದನ್ನು ಕೀಬೋರ್ಡಿನ ಸ್ಟ್ಯಾಂಡು, ಕೇಬಲ್ಲುಗಳ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಕೀಬೋರ್ಡ್ ವಾದಕರಿಗೆ 15ರ ಫಿಲ್ಟರ್ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ಡ್ರಮ್ಮರ್‌ಗೆ 25 ಬೇಕು. ಅವರ ಕಿವಿ ನಿಮ್ಮದಕ್ಕಿಂತ ಹೆಚ್ಚು ಅಪಾಯದಲ್ಲಿದೆ, ಈ ಉತ್ತರವನ್ನು ಅವರಿಗೂ ಓದಿಸಿ.

ಹಾಡುವವರ ಕಷ್ಟ ಬೇರೆ. ಕಿವಿಯ ಬಾಯನ್ನು ಮಾತ್ರ ಮುಚ್ಚಿದರೆ ತಮ್ಮದೇ ದನಿ ಮಡಕೆಯೊಳಗೆ ಮಾತಾಡಿದ ಹಾಗೆ ದೊಡ್ಡದಾಗಿ ಕೇಳುತ್ತದೆ. ಮೂಳೆಯ ಮೂಲಕ ಬಂದ ದನಿ ಹೊರಗೆ ಹೋಗಲಾಗದೆ ಅಲ್ಲೇ ಸಿಕ್ಕಿಕೊಳ್ಳುವುದರಿಂದ ಹೀಗಾಗುತ್ತದೆ. ಪ್ಲಗ್ ಆಳಕ್ಕೆ, ಕೊಳವೆಯ ಎರಡನೇ ತಿರುವು ದಾಟಿ ಕೂತರೆ ಇದು ಕಡಿಮೆಯಾಗುತ್ತದೆ. ಅದಕ್ಕೇ ಗಾಯಕರಿಗೆ ಅಚ್ಚಿನ ಪ್ಲಗ್ಗೇ ಒಳ್ಳೆಯದು, 9 ಅಥವಾ 15ರ ಫಿಲ್ಟರ್ ಹಾಕಿಸಿ. ಅಚ್ಚು ತೆಗೆಯುವಾಗ ನಾವು ಮೊದಲು ಬೆಳಕು ಬಿಟ್ಟು ಕಿವಿ ನೋಡುತ್ತೇವೆ. ದಾರ ಕಟ್ಟಿದ ಪುಟ್ಟ ಸ್ಪಂಜನ್ನು ಆಳಕ್ಕೆ ಇಟ್ಟು, ಅದರ ಮೇಲೆ ಮೆತ್ತನೆಯ ಸಿಲಿಕೋನ್ ತುಂಬುತ್ತೇವೆ. ಐದಾರು ನಿಮಿಷಕ್ಕೆ ಗಟ್ಟಿಯಾಗುತ್ತದೆ. ತಣ್ಣಗೆ ತುಂಬಿದ ಹಾಗೆ ಅನಿಸುತ್ತದೆ, ನೋವಿಲ್ಲ. ಗಾಯಕರಾದರೆ ಬಾಯಿ ತೆರೆದೇ ಇರಿ ಅನ್ನುತ್ತೇವೆ, ಯಾಕೆಂದರೆ ದವಡೆ ಅಲುಗಾಡಿದಾಗ ಕೊಳವೆಯ ಆಕಾರವೂ ಬದಲಾಗುತ್ತದೆ. ಬಾಯಿ ಮುಚ್ಚಿ ತೆಗೆದ ಅಚ್ಚು ಆಲಾಪಕ್ಕೆ ಬಾಯಿ ತೆರೆದಾಗ ಸಡಿಲವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆಯೂ ಇದೆ, ಅಚ್ಚು ತೆಗೆಯುವ ವಿಭಾಗವೂ ಇದೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು.

ಪೆಟ್ಟಿಗೆಯ ಮೇಲಿನ ಸಂಖ್ಯೆ ಓದುವ ಬಗ್ಗೆ ಒಂದೆರಡು ಮಾತು. ಅಮೆರಿಕದ ಮಾಲಿಗೆ ಎನ್‌ಆರ್‌ಆರ್ ಅಂತ, ಯುರೋಪಿನದಕ್ಕೆ ಎಸ್‌ಎನ್‌ಆರ್ ಅಂತ ಇರುತ್ತದೆ. ಪ್ಲಗ್ ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಅಂತ ಲ್ಯಾಬಿನಲ್ಲಿ ಬಂದ ಅಂಕಿ ಅದು. ಫೋಮ್ ಮೇಲೆ 29 ಅಂತ ಬರೆದಿದ್ದರೆ ಸಾಮಾನ್ಯ ಬಳಕೆಯಲ್ಲಿ ಅರ್ಧ ಸಿಕ್ಕೀತು ಅಂತ ಲೆಕ್ಕ ಹಾಕಿ ಅನ್ನುವುದು ನಿಯೋಶ್‌ನ ಹಳೆಯ ಸಲಹೆ. ಸರಿಯಾಗಿ ಹಾಕದವರೇ ಜಾಸ್ತಿ ಇರುವುದರಿಂದ ಹಾಗೆ ಹೇಳಿದ್ದಾರೆ. ಸಂಗೀತದ ಪ್ಲಗ್ ಮೇಲೆ 12, 13 ಅಂತ ಕಂಡು ಇದೇನು ಇಷ್ಟು ಕಡಿಮೆ ಅಂತ ಕೈಬಿಡಬೇಡಿ. ಬೇರೆ ಬೇರೆ ಕಿವಿಗಳಲ್ಲಿ ಬೇರೆ ಬೇರೆ ಫಲ ಬರುತ್ತದೆ ಅಂತ ಆ ಅಂಕಿಯಲ್ಲಿ ಮೊದಲೇ ಒಂದಿಷ್ಟು ಕಳೆದಿರುತ್ತಾರೆ. ಚೆನ್ನಾಗಿ ಕೂತರೆ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ನೀವು ನೋಡಬೇಕಾದ್ದು ಒಳಗಿನ ಚೀಟಿಯಲ್ಲಿ 125ರಿಂದ 8000 ಹರ್ಟ್ಸ್‌ವರೆಗಿನ ಕೋಷ್ಟಕ. ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದರೆ ಅದು ಹಾಡನ್ನು ಕೆಡಿಸುವುದಿಲ್ಲ. ಬಲಕ್ಕೆ ಹೋದ ಹಾಗೆ ಅಂಕಿ ಏರುತ್ತಲೇ ಹೋದರೆ ಅದು ಬೇರೆ ಬಟ್ಟೆ ತೊಟ್ಟ ಕಂಬಳಿಯೇ. ಕೋಷ್ಟಕವೇ ಇಲ್ಲದೆ, "ಹೈ ಫಿಡೆಲಿಟಿ" ಅನ್ನುವ ಮಾತು ಮಾತ್ರ ಇರುವ ಮಾಲನ್ನು ತಗೊಳ್ಳಬೇಡಿ.

ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ನಿಮ್ಮ ತಂಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಬಯಲು ಸಂಗೀತೋತ್ಸವಕ್ಕೆ ಹೋದ 51 ಜನರ ಮೇಲೆ ಪ್ರಯೋಗ ಮಾಡಿದ್ದರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಇಯರ್‌ಪ್ಲಗ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ನಾಲ್ಕೂವರೆ ಗಂಟೆ, ಸರಾಸರಿ 100 ಡೆಸಿಬೆಲ್. ಮುಗಿದ ಮೇಲೆ ಪರೀಕ್ಷೆ ಮಾಡಿದಾಗ ಪ್ಲಗ್ ಹಾಕದವರಲ್ಲಿ ನೂರಕ್ಕೆ 42 ಕಿವಿಗಳು ತಾತ್ಕಾಲಿಕವಾಗಿ ಮಂದವಾಗಿದ್ದವು. ಹಾಕಿದವರಲ್ಲಿ ನೂರಕ್ಕೆ 8. ಗುಂಯ್ ಅನ್ನುವುದು ಹೊಸದಾಗಿ ಶುರುವಾದದ್ದು ಹಾಕದವರಲ್ಲಿ ನೂರಕ್ಕೆ 40 ಮಂದಿಗೆ, ಹಾಕಿದವರಲ್ಲಿ ನೂರಕ್ಕೆ 12 ಮಂದಿಗೆ.

ಪ್ಲಗ್ ಬಂದ ಮೇಲೆ ಮೊದಲ ಸಲವೇ ಕಾರ್ಯಕ್ರಮದಲ್ಲಿ ಹಾಕಿಕೊಳ್ಳಬೇಡಿ. ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ದಿನಕ್ಕೆ ಅರ್ಧ ಗಂಟೆ ಹಾಕಿ. ಮಿದುಳು ಹೊಸ ಅಳತೆಗೆ ಹೊಂದಿಕೊಳ್ಳುವುದಕ್ಕೆ ಒಂದೆರಡು ವಾರ ಬೇಕು. ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ ಹಾಕಿದ ಮೇಲೆ ಕೀಬೋರ್ಡ್ ಕೇಳಿಸುತ್ತಿಲ್ಲ ಅಂತ ಮಾನಿಟರ್ ಏರಿಸಿದರೆ ಎಲ್ಲಾ ನೀರಿನಲ್ಲಿ ಹೋಮ. ಮಾನಿಟರ್ ಮಟ್ಟವನ್ನು ಪ್ಲಗ್ ಇಲ್ಲದೆ ಗೊತ್ತು ಮಾಡಿ, ಗುಂಡಿಯ ಮೇಲೆ ಒಂದು ಗುರುತು ಹಾಕಿ, ಆಮೇಲೆ ಮುಟ್ಟಬೇಡಿ. ನಡುವೆ ಮಾತಾಡಬೇಕಾದರೆ ಪ್ಲಗ್ ತೆಗೆಯದೆ ಮಾತಾಡಿ. ಫಿಲ್ಟರ್ ಪ್ಲಗ್‌ನಲ್ಲಿ ಮಾತು ಕೇಳಿಸುತ್ತದೆ.

ಇನ್ನು ಖರ್ಚೇ ಇಲ್ಲದ ಒಂದು ಉಪಾಯ. ಬಯಲಿನಲ್ಲಿ ಸದ್ದಿನ ಮೂಲದಿಂದ ಎರಡರಷ್ಟು ದೂರ ಹೋದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮ ಎಡಗಿವಿ ಡ್ರಮ್ಸ್‌ನ ತಾಳದ ತಟ್ಟೆಯಿಂದ ಒಂದು ಮೀಟರ್ ದೂರ ಇದ್ದರೆ ಎರಡು ಮೀಟರ್ ಮಾಡಿ. ಮೇಲಿನ ಲೆಕ್ಕದ ಪ್ರಕಾರ 6 ಡೆಸಿಬೆಲ್ ಅಂದರೆ ಸಮಯ ನಾಲ್ಕರಷ್ಟಾಯಿತು. ಬೆನ್ನ ಹಿಂದಿನ ಸ್ಪೀಕರಿನ ಮುಖವನ್ನೂ ಸ್ವಲ್ಪ ಆಚೆಗೆ ತಿರುಗಿಸುವುದಕ್ಕೆ ಆಗುತ್ತದಾ ನೋಡಿ. ಪೆಂಡಾಲಿನ ಸ್ಟೇಜು ಚಿಕ್ಕದಿರುತ್ತದೆ, ನನಗೆ ಗೊತ್ತು. ಆದರೂ ಸೌಂಡ್ ಚೆಕ್ ಹೊತ್ತಿನಲ್ಲಿ ಕೇಳಿದರೆ ಒಂದು ಮೀಟರ್ ಜಾಗ ಬಹಳ ಕಡೆ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಒಂದು ಮಾನದಂಡ ತಂದಿದೆ. 15 ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಬಂದವರಿಗೆ ಇಯರ್‌ಪ್ಲಗ್ ಸಿಗುವಂತಿರಬೇಕು, ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಜಾಗ ಇರಬೇಕು ಅನ್ನುತ್ತದೆ. ನಮ್ಮಲ್ಲಿ ಶಬ್ದ ಮಾಲಿನ್ಯ ನಿಯಮಗಳು 2000ದಿಂದ ಇವೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅನ್ನುವುದೆಲ್ಲ ಅದರಿಂದಲೇ. ಅದು ಅಕ್ಕಪಕ್ಕದ ಮನೆಯವರ ನಿದ್ದೆಗಾಗಿ ಮಾಡಿದ್ದು, ಮಾಡಬೇಕಾದ್ದೇ. ಆದರೆ ಸ್ಪೀಕರ್ ಮುಂದೆ ನಿಂತು ದುಡಿಯುವ ಕಲಾವಿದನ ಕಿವಿಯ ಹತ್ತಿರ ಮೀಟರ್ ಹಿಡಿದು ಅಳೆಯುವವರು ಯಾರೂ ಇಲ್ಲ. ಹಾಗಾಗಿ ನೀವೇ ಅಳೆದುಕೊಳ್ಳಿ. ಐಫೋನ್ ಇದ್ದರೆ ನಿಯೋಶ್‌ನ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಆಂಡ್ರಾಯ್ಡ್ ಫೋನ್‌ಗಳ ಮೈಕು ಒಂದೊಂದರದು ಒಂದೊಂದು ಥರ, ಅದರ ಅಂಕಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ, ಕೈಚಾಚಿದಷ್ಟು ದೂರದಲ್ಲಿರುವವರಿಗೆ ಕೂಗಿ ಹೇಳಬೇಕಾಗಿ ಬಂದರೆ ಪ್ಲಗ್ ಹಾಕುವ ಹೊತ್ತಾಗಿದೆ ಅಂತ ತಿಳಿಯಿರಿ.

ಬಳಸುವ ಕ್ರಮ ಸರಳ. ಫೋಮನ್ನು ಕೊಳೆಯಾದ ತಕ್ಷಣ ಎಸೆಯಿರಿ, ತೊಳೆಯಬೇಡಿ. ಸಿಲಿಕೋನಿನದನ್ನು ಫಿಲ್ಟರ್ ತೆಗೆದು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಡಬ್ಬಿಗೆ ಹಾಕಿ. ತೆಗೆಯುವಾಗ ಸರ್ರನೆ ಎಳೆಯಬೇಡಿ, ನಿಧಾನವಾಗಿ ತಿರುಗಿಸಿ ತೆಗೆಯಿರಿ. ಕಿವಿ ಸೋರುತ್ತಿದ್ದರೆ, ಕಿವಿತಮಟೆಯಲ್ಲಿ ತೂತಿದ್ದರೆ, ಗುಗ್ಗೆ ಜಾಸ್ತಿ ಕಟ್ಟಿದ್ದರೆ ಡಾಕ್ಟರಿಗೆ ತೋರಿಸದೆ ಯಾವ ಪ್ಲಗ್ಗೂ ಬೇಡ.

ಮಗಳ ವಿಷಯ. ನಾಲ್ಕು ವರ್ಷದ ಕಿವಿಗೆ ಪ್ಲಗ್ ಬೇಡ. ಅಳತೆ ಸರಿಹೋಗುವುದಿಲ್ಲ, ತೆಗೆದು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಹೆಡ್‌ಫೋನ್ ಥರ ತಲೆಯ ಮೇಲಿಂದ ಬಂದು ಕಿವಿ ಪೂರ್ತಿ ಮುಚ್ಚುವ ಮಕ್ಕಳ ಇಯರ್‌ಮಫ್ ತಗೊಳ್ಳಿ. ಮೆತ್ತೆ ಸುತ್ತಲೂ ಚರ್ಮಕ್ಕೆ ಅಂಟಿ ಕೂರಬೇಕು. ಜಡೆಯೋ ಹೇರ್‌ಬ್ಯಾಂಡೋ ಓಲೆಯೋ ಅಡ್ಡ ಬಂದರೆ ಅಲ್ಲೇ ಸಂದು ಬಿಡುತ್ತದೆ. ಮನೆಯಲ್ಲೇ ಎರಡು ದಿನ ಆಟದ ಹಾಗೆ ಹಾಕಿಸಿ ರೂಢಿ ಮಾಡಿಸಿ, ನೀವೂ ನಿಮ್ಮ ಪ್ಲಗ್ ಹಾಕಿಕೊಂಡು ತೋರಿಸಿ. ಮಫ್ ಇದ್ದರೂ ಸ್ಪೀಕರ್ ಮುಂದೆ, ಸ್ಟೇಜಿನ ಅಂಚಿನಲ್ಲಿ ಕೂರಿಸಬೇಡಿ. ಪೆಂಡಾಲಿನ ಹಿಂದಿನ ಸಾಲಿನಲ್ಲಿ ಅಮ್ಮನ ಜೊತೆ ಕೂತು ಅಪ್ಪನ ಎರಡು ಹಾಡು ಕೇಳಿ ಮನೆಗೆ ಹೋಗಲಿ.

ಆಡಿಯೋಗ್ರಾಮ್, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸುವುದಕ್ಕೆ ಕಾರ್ಯಕ್ರಮದ ಮರುದಿನ ಹೋಗಬೇಡಿ. ಎರಡು ದಿನ ಜೋರು ಸದ್ದಿನಿಂದ ದೂರ ಇದ್ದು ಹೋಗಿ, ಇಲ್ಲದಿದ್ದರೆ ದಣಿದ ಕಿವಿಯ ಅಳತೆ ಸಿಗುತ್ತದೆ. ನೀವು ಸ್ಟೇಜ್ ಕಲಾವಿದ ಅಂತ ಮೊದಲೇ ಹೇಳಿ, 3000 ಮತ್ತು 6000 ಹರ್ಟ್ಸ್ ಕೂಡ ಪರೀಕ್ಷಿಸಿ ಅಂತ ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಈ ಎರಡನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ರಿಪೋರ್ಟಿನ ಒಂದು ಪ್ರತಿ ಕೀಬೋರ್ಡಿನ ಬ್ಯಾಗಿನಲ್ಲೇ ಇರಲಿ. ಮುಂದಿನ ವರ್ಷ ಸೀಸನ್ ಮುಗಿದ ಮೇಲೆ ಪರೀಕ್ಷೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.